ಆಕ್ಯುಪೇಷನಲ್ ಥೆರಪಿ: ಕಾಲೇಜು ಸೇರುವ ಮುನ್ನ

ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿದ ಅಜ್ಜನಿಗೆ ಫಿಸಿಯೋಥೆರಪಿಸ್ಟ್ ವ್ಯಾಯಾಮ ಮಾಡಿಸಿ ಕೈಗೆ ಬಲ ಬರಿಸುತ್ತಾರೆ. ಅದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಲು, ವುಝೂ ಮಾಡಲು, ತುತ್ತು ಎತ್ತಲು ಮತ್ತೆ ಕಲಿಸುವವರು ಆಕ್ಯುಪೇಷನಲ್ ಥೆರಪಿಸ್ಟ್. ಆಟಿಸಂ ಇರುವ ಮಕ್ಕಳಿಗೂ ಇವರ ನೆರವು ಬೇಕಾಗುತ್ತದೆ. ಪಿಯುಸಿ ವಿಜ್ಞಾನದ ನಂತರ ಇದರ ಪದವಿಗೆ, ಅಂದರೆ ಬಿ.ಓ.ಟಿ.ಗೆ, ಸೇರಬಹುದು.

ಹೆತ್ತವರು ಮೊದಲು ವಿಚಾರಿಸುವುದು ಶುಲ್ಕ ಮತ್ತು ಹಾಸ್ಟೆಲ್. ಅದೂ ಬೇಕು. ಆದರೆ ರೋಗಿಗಳ ನಡುವೆ ತರಬೇತಿ ಎಲ್ಲಿ, ಎಷ್ಟು ಗಂಟೆ, ಯಾರ ಮೇಲ್ವಿಚಾರಣೆಯಲ್ಲಿ ಎಂದು ತಪ್ಪದೆ ಕೇಳಿ. ವಿಶ್ವ ಆಕ್ಯುಪೇಷನಲ್ ಥೆರಪಿಸ್ಟರ ಒಕ್ಕೂಟದ ಮಾನದಂಡದಂತೆ ಅದು ಕನಿಷ್ಠ 1000 ಗಂಟೆ ಇರಬೇಕು. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದ್ದರಷ್ಟೇ ಸಾಲದು. ಮಕ್ಕಳ ವಿಭಾಗ, ಮಾನಸಿಕ ಆರೋಗ್ಯ, ಕೈ ಗಾಯದ ಚಿಕಿತ್ಸೆ ಎಲ್ಲದಕ್ಕೂ ವಿದ್ಯಾರ್ಥಿಗಳನ್ನು ಕಳಿಸುತ್ತಾರೆಯೇ? ಈ ಉತ್ತರ ಕಚೇರಿಯಲ್ಲಿ ಸಿಗುವುದಕ್ಕಿಂತ ಅಂತಿಮ ವರ್ಷದವರ ಬಾಯಲ್ಲಿ ಚೆನ್ನಾಗಿ ಸಿಗುತ್ತದೆ.

ಒಕ್ಕೂಟ ಮಾನ್ಯತೆ ಕೊಡುವುದು ಕೋರ್ಸಿಗೆ, ಕಾಲೇಜಿನ ಹೆಸರಿಗಲ್ಲ. ಮಾನ್ಯತೆ ಪಡೆದ ಕೋರ್ಸುಗಳ ಪಟ್ಟಿ ಅದರ ಜಾಲತಾಣದಲ್ಲಿದೆ. ಮುಂಗಡ ಕಟ್ಟುವ ಮೊದಲೇ ನೋಡಿ. ವಿದೇಶದಲ್ಲಿ ದುಡಿಯುವ ಆಸೆಯಿದ್ದರಂತೂ ಇದನ್ನು ಬಿಡುವಂತಿಲ್ಲ. ಹಾಗೆಂದು ಈ ಮಾನ್ಯತೆಯೊಂದರಿಂದಲೇ ಕೆಲಸ ಸಿಗದು: ದುಬೈಯಲ್ಲಾದರೆ ಅಲ್ಲಿನ ಆರೋಗ್ಯ ಪ್ರಾಧಿಕಾರದ ಪರವಾನಗಿಯನ್ನು ಬೇರೆಯಾಗಿ ಪಡೆಯಬೇಕು. ಕೆಲವೇ ತಿಂಗಳ ಸರ್ಟಿಫಿಕೇಟ್ ಕೋರ್ಸನ್ನು ಈ ಪದವಿಗೆ ಸಮವೆಂದು ಯಾರಾದರೂ ಹೇಳಿದರೆ ನಂಬಬೇಡಿ.