ಪ್ರಜಾಪ್ರತಿನಿಧಿಯ ಗುಟ್ಟು, ಪ್ರಜೆಯ ಹಕ್ಕು

ಪ್ರಜೆಗಳ ಮತದಿಂದ ಅಧಿಕಾರವನ್ನು ಪಡೆದವನು ತನ್ನ ಖಾಸಗಿ ಬಾಳಿನ ಹಕ್ಕನ್ನು ಶಾಸನಸಭೆಯ ಹೊಸ್ತಿಲಲ್ಲಿಯೇ ಬಿಟ್ಟು ಒಳಹೊಗತಕ್ಕುದೋ? ಈ ಪ್ರಶ್ನೆಯನ್ನು ಆವೇಶವಿಲ್ಲದೆ ವಿಚಾರಿಸುವುದು ಅವಶ್ಯವಾಗಿದೆ.

ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಏಕಮತದಿಂದ ಸಾರಿದರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಆದರೆ ಆಧಾರ್ ಯೋಜನೆಯ ಸಂಬಂಧದಲ್ಲಿ ಹುಟ್ಟಿದ ಆ ವ್ಯಾಜ್ಯವು ಸರಕಾರದ ಕಣ್ಣಿನಿಂದ ಪ್ರಜೆಯನ್ನು ಕಾಯುವುದಕ್ಕಾಗಿ ನಡೆದುದೇ ಹೊರತು, ಪ್ರಜೆಯ ಕಣ್ಣಿನಿಂದ ಅಧಿಕಾರಸ್ಥರನ್ನು ಮರೆಸುವುದಕ್ಕಾಗಿ ಅಲ್ಲ.

ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯಾರ್ಹತೆ, ಅಪರಾಧ ಮೊಕದ್ದಮೆಗಳನ್ನು ತಿಳಿಯುವ ಹಕ್ಕು ಮತದಾರನಿಗೆ ಉಂಟೆಂದು ಅದೇ ನ್ಯಾಯಾಲಯವು 2002ರಲ್ಲಿ ತೀರ್ಮಾನಿಸಿತು. ಅದನ್ನು ಕುಗ್ಗಿಸಲು ಪಾರ್ಲಿಮೆಂಟು ಸೇರಿಸಿದ 33ಬಿ ಕಲಮು 2003ರಲ್ಲಿ ರದ್ದಾಯಿತು. 2024ರ ಏಪ್ರಿಲ್ 9ರಂದಾದರೋ, ಅರುಣಾಚಲದ ಶಾಸಕರೊಬ್ಬರ ಮೊಕದ್ದಮೆಯಲ್ಲಿ, ಅಭ್ಯರ್ಥಿಯು ಮನೆಯೊಳಗಿನ ಪ್ರತಿಯೊಂದು ಚರಸ್ವತ್ತನ್ನೂ ಬಿಚ್ಚಿಡಬೇಕಾದುದಿಲ್ಲವೆಂದೂ, ಮತದಾರನ ಹಕ್ಕಿಗೆ ಸಹ ಮೇರೆಯುಂಟೆಂದೂ ತೀರ್ಪಾಯಿತು. ಈ ತೀರ್ಪುಗಳಲ್ಲಿ ಪರಸ್ಪರ ವಿರೋಧವು ನಮಗೆ ಕಾಣದು. ಪ್ರತಿನಿಧಿಯ ರೋಗ, ಸಂಸಾರ, ಸ್ವಂತ ಪತ್ರಗಳು ಅವನವು; ಅಧಿಕಾರದಿಂದ ಬೆಳೆದಿರಬಹುದಾದ ಆಸ್ತಿ, ಸರಕಾರದೊಡನೆ ಅವನ ಕುಟುಂಬದ ಗುತ್ತಿಗೆ, ಸಾರ್ವಜನಿಕ ಹಣದ ಲೆಕ್ಕ, ಇವು ನಾಡಿನವು.

ಈ ಗೆರೆಯನ್ನು ಎಳೆಯುವವರಾರೆಂಬುದೇ ಮುಖ್ಯ. 2005ರ ಮಾಹಿತಿ ಹಕ್ಕಿನ ಕಾಯಿದೆಯು, ಸಾರ್ವಜನಿಕ ಕಾರ್ಯಕ್ಕೆ ಸಂಬಂಧಿಸದ ವೈಯಕ್ತಿಕ ಸಂಗತಿಯನ್ನು ಗುಟ್ಟಾಗಿಡಬಹುದೆಂದಿತ್ತು. ಶಾಸನಸಭೆಗೆ ನಿರಾಕರಿಸಲಾಗದುದನ್ನು ಸಾಮಾನ್ಯನಿಗೂ ನಿರಾಕರಿಸಬಾರದೆಂದು ವಿಧಿಸಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 44(3)ನೇ ಕಲಮು ಆ ಮಾತುಗಳನ್ನೇ ತೆಗೆದು, 'ವೈಯಕ್ತಿಕ' ಎಂಬುದೊಂದನ್ನೇ ಉಳಿಸಿತು. ಸಾರ್ವಜನಿಕ ಹಿತವು ಮಿಗಿಲೆನಿಸಿದಾಗ ಮಾಹಿತಿಯನ್ನು ಕೊಡಬಹುದೆಂಬ 8(2)ನೇ ಕಲಮು ಉಳಿದಿದೆಯೆಂಬುದು ನಿಜ. ಆದರೆ ಹಿತವನ್ನು ತೂಗುವ ತಕ್ಕಡಿ ಮೊದಲು ಕಚೇರಿಯ ಕೈಯಲ್ಲಿಯೇ ಇರುವುದು. ಹಣವಂತನು ನ್ಯಾಯಾಲಯದ ಬಾಗಿಲನ್ನು ತಟ್ಟಬಲ್ಲನು. ತನ್ನೂರ ರಸ್ತೆಯ ಗುತ್ತಿಗೆ ಯಾರ ಬಂಧುವಿಗೆ ಹೋಯಿತೆಂದು ಕೇಳುವ ಬಡ ರೈತನು ಏನು ಮಾಡಬೇಕು?

ನಮ್ಮ ನಾಡಿನ 1984ರ ಲೋಕಾಯುಕ್ತ ಕಾಯಿದೆಯ 22ನೇ ಕಲಮಿನಂತೆ ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ಕುಟುಂಬದ ಆಸ್ತಿ, ಸಾಲಗಳ ವಿವರವನ್ನು ಸಲ್ಲಿಸತಕ್ಕುದು. ಎಚ್ಚರಿಕೆಯ ಮೇಲೂ ಸಲ್ಲಿಸದವರ ಹೆಸರು ಪತ್ರಿಕೆಗಳಲ್ಲಿ ಪ್ರಕಟವಾಗತಕ್ಕುದು. ಕೇವಲ ಹೆಸರಷ್ಟೇ ಏಕೆ, ಸಲ್ಲಿಸಿದ ವಿವರವೂ ತಾನಾಗಿಯೇ ಪ್ರಜೆಗಳ ಮುಂದೆ ಬರಲಿ. ಪಾರ್ಲಿಮೆಂಟು ತೆಗೆದ ಮಾತುಗಳನ್ನು ಕಾಯಿದೆಗೆ ಮರಳಿ ಸೇರಿಸಲಿ. ಪ್ರತಿನಿಧಿಯ ಮಲಗುವ ಮನೆಯ ಕದ ಮುಚ್ಚಿರಲಿ, ಆದರೆ ಉಗ್ರಾಣದ ಕೀಲಿಕೈ ಒಡೆಯನ ಬಳಿಯಲ್ಲಿರಬೇಕು. ಪ್ರಜಾರಾಜ್ಯದಲ್ಲಿ ಆ ಒಡೆಯನು ಪ್ರಜೆಯೇ.