ಯಾರ ದಾರಿ, ಯಾರ ಸವಾರಿ?

ಮಲೆನಾಡಿನ ಕಾಡಿನಲ್ಲಿ ದಾರಿಗಳಿಗೆ ಬರವಿಲ್ಲ. ಡಾಂಬರು ಮುಗಿದ ಮೇಲೂ ಮಣ್ಣಿನ ಹಾದಿ ಮುಂದುವರಿಯುತ್ತದೆ. ಅದು ಕವಲೊಡೆದು ಒಂದು ತೋಟಕ್ಕೆ, ಇನ್ನೊಂದು ಗದ್ದೆಬಯಲಿಗೆ, ಮತ್ತೊಂದು ಗುಡ್ಡದ ನೆತ್ತಿಗೆ ಹೋಗುತ್ತದೆ. ವಾರಾಂತ್ಯದಲ್ಲಿ ಬೈಕ್ ಏರಿ ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆಗೆ ಬರುವ ಯುವಕರು ಹುಡುಕುವುದು ಇಂಥ ಹಾದಿಗಳನ್ನೇ. ಕೆಸರು, ಕಲ್ಲು, ಹಳ್ಳ, ಕಡಿದಾದ ಏರುಗಳಲ್ಲಿ ಬೈಕ್ ಓಡಿಸುವ ‘ಆಫ್‌ರೋಡ್’ ಸವಾರಿ ಈಗ ಬೆರಳೆಣಿಕೆಯವರ ಹುಚ್ಚಾಗಿ ಉಳಿದಿಲ್ಲ. ಆದರೆ ದಾರಿ ಕಂಡಿತೆಂದ ಮಾತ್ರಕ್ಕೆ ಅಲ್ಲಿ ಹೋಗಲು ಅಪ್ಪಣೆ ಸಿಕ್ಕಂತಲ್ಲ. ಕಾಡಿನ ಪ್ರತಿಯೊಂದು ಹಾದಿಗೂ ಒಬ್ಬ ಒಡೆಯನಿದ್ದಾನೆ, ಅದು ಹುಟ್ಟಿದ್ದಕ್ಕೆ ಒಂದು ಕಾರಣವಿದೆ. ಇವೆರಡನ್ನೂ ತಿಳಿದುಕೊಳ್ಳುವುದೇ ದಾರಿ ಹುಡುಕುವ ಕೆಲಸದ ಮುಖ್ಯ ಭಾಗ.

ಹೇರೆತ್ತಿನಿಂದ ಬೈಕಿನವರೆಗೆ

ಈ ಹಾದಿಗಳಲ್ಲಿ ಯಾವುದೂ ಮೋಜಿಗಾಗಿ ಹುಟ್ಟಿದ್ದಲ್ಲ. ಘಟ್ಟದ ಮೇಲಿನ ಅಕ್ಕಿ, ಮೆಣಸು, ಅಡಿಕೆ ಕರಾವಳಿಗೆ ಇಳಿದದ್ದು, ಅಲ್ಲಿಂದ ಉಪ್ಪು ಮೇಲಕ್ಕೆ ಬಂದದ್ದು ಹೇರೆತ್ತುಗಳ ಬೆನ್ನಿನ ಮೇಲೆ. ಎತ್ತಿನ ಗೊರಸು ಸವೆಸಿದ ಕೆಲವು ಕಾಲುದಾರಿಗಳು ಮುಂದೆ ಗಾಡಿದಾರಿಗಳಾದವು. ಅವುಗಳಲ್ಲಿ ಕೆಲವು ಘಾಟಿ ರಸ್ತೆಗಳಾದವು, ಉಳಿದವು ಹಾಗೆಯೇ ಉಳಿದವು. 19ನೇ ಶತಮಾನದಲ್ಲಿ ಕಾಫಿ ತೋಟಗಳು ಹಬ್ಬಿದಾಗ ತೋಟದ ರಸ್ತೆಗಳು ಬಂದವು. ಕಡಿದ ಮರ ಸಾಗಿಸಲು ಕೂಪು ರಸ್ತೆಗಳು, ಕಾಳ್ಗಿಚ್ಚು ಹಬ್ಬದಂತೆ ತಡೆಯಲು ಬೆಂಕಿ ರೇಖೆಗಳು ಸೇರಿಕೊಂಡವು.

ಈ ದಾರಿಗಳಿಗೆ ಬೈಕ್ ಹೊಸದೇನಲ್ಲ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಮಲೆನಾಡಿನ ಮಣ್ಣು ರಸ್ತೆಗಳಲ್ಲಿ ಸಾಕಷ್ಟು ಓಡಿವೆ. ಆದರೆ ಅಂದು ಬೈಕ್ ಹೋಗುತ್ತಿದ್ದುದು ಕೆಲಸದ ಮೇಲೆ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೊ ಎಕ್ಸ್‌ಪಲ್ಸ್ 200 ಮಾರುಕಟ್ಟೆಗೆ ಬಂದ ಮೇಲೆ ಚಿತ್ರ ಬದಲಾಯಿತು. ಇವುಗಳ ಹೊಟ್ಟೆ ನೆಲದಿಂದ 220 ಮಿಲಿಮೀಟರ್ ಎತ್ತರದಲ್ಲಿದೆ. ಮುಂದಿನ ಚಕ್ರ 21 ಇಂಚಿನದು. ಚಕ್ರ ದೊಡ್ಡದಾದಷ್ಟೂ ಕಲ್ಲು, ಬೇರುಗಳನ್ನು ಸುಲಭವಾಗಿ ಹತ್ತಿ ಇಳಿಯುತ್ತದೆ. ಹಿಂದೆ ಬೈಕ್ ಸೋತು ನಿಲ್ಲುತ್ತಿದ್ದ ಜಾಗವನ್ನು ಈಗ ಹೊಸದಾಗಿ ಕಲಿತವರೂ ದಾಟಬಲ್ಲರು. ತೊಡಕು ಆರಂಭವಾಗುವುದೂ ಇಲ್ಲಿಂದಲೇ.

ನಕ್ಷೆ ಹೇಳುವುದೆಷ್ಟು?

ದಾರಿ ಹುಡುಕುವವರಿಗೆ ಹಳೆಯ ಆಸರೆ ಎಂದರೆ ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕ್ಷೆ. ಇದರಲ್ಲಿ 1 ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಕಂದು ಬಣ್ಣದ ಗೆರೆಗಳು ಎತ್ತರವನ್ನು ತೋರಿಸುತ್ತವೆ. ಒಂದು ಗೆರೆಗೂ ಇನ್ನೊಂದಕ್ಕೂ 20 ಮೀಟರ್ ಏರು. ಗೆರೆಗಳು ಒತ್ತಾಗಿದ್ದರೆ ಅಲ್ಲಿ ಕಡಿದಾದ ಇಳಿಜಾರು ಎಂದರ್ಥ. ಗಾಡಿದಾರಿ, ಹೇರೆತ್ತಿನ ದಾರಿ, ಕಾಲುದಾರಿಗಳಿಗೆ ಬೇರೆ ಬೇರೆ ಗುರುತುಗಳಿವೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆ ಇನ್ನೂ ಸೂಕ್ಷ್ಮವಾದುದು. ಬಂಡಿದಾರಿ ಯಾವ ಸರ್ವೆ ನಂಬರಿನ ಮೂಲಕ ಹಾದುಹೋಗುತ್ತದೆಂಬುದನ್ನೂ ಅದರಲ್ಲಿ ನೋಡಬಹುದು. ಮೊಬೈಲಿನ ಉಪಗ್ರಹ ಚಿತ್ರ ಬಯಲುಸೀಮೆಯಲ್ಲಿ ಚೆನ್ನಾಗಿ ನೆರವಾಗುತ್ತದೆ. ದಟ್ಟ ಕಾಡಿನಲ್ಲಿ ಮರದ ತಲೆಗಳ ಕೆಳಗಿನ ದಾರಿ ಅದಕ್ಕೆ ಕಾಣದು.

ಆದರೆ ದಾರಿ ಇದೆ ಎಂದು ಹೇಳುವ ನಕ್ಷೆ, ಹೋಗಬಹುದು ಎಂದು ಹೇಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಅಭಯಾರಣ್ಯದೊಳಗೆ ಪರವಾನಗಿ ಇಲ್ಲದೆ ಪ್ರವೇಶವಿಲ್ಲ. ಅಲ್ಲಿ ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ವಾಸಕ್ಕೆ ಅನುಮತಿ ಅಥವಾ ಜಮೀನಿನ ಹಕ್ಕು ಇರುವವರು ಮತ್ತು ಅವರ ಅವಲಂಬಿತರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಇದಕ್ಕೆ ಹೊರತು. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಹೀಗಾಗಿ ಕುದುರೆಮುಖ, ಪುಷ್ಪಗಿರಿ, ಬ್ರಹ್ಮಗಿರಿಗಳ ಒಳದಾರಿಗಳು ಎಷ್ಟೇ ಆಕರ್ಷಕವಾಗಿದ್ದರೂ ಸವಾರರ ಪಟ್ಟಿಯಿಂದ ಹೊರಗೇ ಇರಬೇಕು. ಮೀಸಲು ಅರಣ್ಯದಲ್ಲಿ ಅಪ್ಪಣೆಯಿಲ್ಲದ ಪ್ರವೇಶ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಉಳಿದ ಕಡೆ ಖಾಸಗಿ ತೋಟ, ಸೊಪ್ಪಿನಬೆಟ್ಟ, ಬಾಣೆ, ಗೋಮಾಳ ಎಂದು ಭೂಮಿಗೆ ಹತ್ತು ಹೆಸರುಗಳು. ಒಂದೇ ಹಾದಿ ಎರಡು ಮೈಲಿಯೊಳಗೆ ಮೂವರ ಕೈ ದಾಟಿ ಹೋಗಬಹುದು.

ಬೇರೆ ದೇಶಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಅಮೆರಿಕದಲ್ಲಿ 1972ರಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದ ಆದೇಶವು ಸರ್ಕಾರಿ ಭೂಮಿಯಲ್ಲಿ ಇಂಥ ವಾಹನಗಳು ಹೋಗಬಹುದಾದ ದಾರಿಗಳನ್ನು ಗೊತ್ತುಪಡಿಸಬೇಕೆಂದಿತು. 2005ರ ನಿಯಮ ಬಂದ ಮೇಲೆ ಅಲ್ಲಿನ ರಾಷ್ಟ್ರೀಯ ಅರಣ್ಯಗಳು ಅಂಥ ದಾರಿಗಳ ನಕ್ಷೆಯನ್ನು ಪ್ರಕಟಿಸುತ್ತವೆ. ನಕ್ಷೆಯಲ್ಲಿಲ್ಲದ ದಾರಿಯಲ್ಲಿ ವಾಹನ ಓಡಿಸುವಂತಿಲ್ಲ. ಇಂಗ್ಲೆಂಡಿನಲ್ಲಿ 2006ರ ಕಾನೂನು ಅನೇಕ ಹಳೆಯ ಗಾಡಿದಾರಿಗಳ ಮೇಲೆ ಮೋಟಾರು ವಾಹನಗಳಿಗಿದ್ದ ಹಕ್ಕನ್ನು ರದ್ದುಪಡಿಸಿತು. ನಮ್ಮಲ್ಲಿ ಅಂಥ ಪದ್ಧತಿ ಬೆಳೆದಿಲ್ಲ. ಆದ್ದರಿಂದ ವಿಚಾರಿಸುವ ಹೊಣೆ ಸವಾರನ ಮೇಲೆಯೇ ಬೀಳುತ್ತದೆ.

ಚಕ್ರದ ಗುರುತು

ಕಾನೂನಿನಷ್ಟೇ ಮುಖ್ಯವಾದುದು ನೆಲದ ಸ್ವಭಾವ. ಬೈಕ್ ಏರನ್ನು ಹತ್ತುವಾಗ ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಹುಲ್ಲಿನ ಬೇರನ್ನು ಕಿತ್ತುಹಾಕುತ್ತದೆ. ಒಂದು ಬೈಕಿನ ಗೀರು ಮತ್ತೊಂದು ಬೈಕಿನಿಂದ ಆಳವಾಗುತ್ತದೆ. ಆಳವಾದ ಗೀರನ್ನು ತಪ್ಪಿಸಲು ಮೂರನೆಯವನು ಪಕ್ಕದ ಹುಲ್ಲಿಗೆ ಇಳಿಯುತ್ತಾನೆ, ಹಾದಿ ಅಗಲವಾಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದಾಗ ಗುಡ್ಡದ ನೀರೆಲ್ಲ ಆ ಗೀರಿನಲ್ಲೇ ಹರಿದು ಮಣ್ಣನ್ನು ಕೊಚ್ಚಿ ಒಯ್ಯುತ್ತದೆ. ಶೋಲಾ ಕಾಡಿನ ಅಂಚಿನ ಹುಲ್ಲುಗಾವಲುಗಳಲ್ಲಿ ಮೇಲ್ಮಣ್ಣು ಹೋದರೆ ಹುಲ್ಲು ಮತ್ತೆ ಚಿಗುರುವುದು ಕಷ್ಟ.

ಹಳ್ಳ ದಾಟುವ ಸಾಹಸವೂ ಹೀಗೆಯೇ. ಉತ್ತರ ಕನ್ನಡದ ಕತ್ತಲೆಕಾನಿನ ‘ಕುಂಬಾರ ಕಪ್ಪೆ’ ಹಳ್ಳದ ಬಳಿ ಮೊಟ್ಟೆಯಿಟ್ಟು ಅದಕ್ಕೆ ಮಣ್ಣು ಮೆತ್ತುತ್ತದೆ. ಈ ಪ್ರಭೇದವನ್ನು ವಿಜ್ಞಾನಿಗಳು ವಿವರಿಸಿದ್ದು 2014ರಲ್ಲಷ್ಟೇ. ಇಂಥ ತೊರೆಗಳಲ್ಲಿ ನೀರು ಚಿಮ್ಮಿಸಿ ತೆಗೆಸಿಕೊಂಡ ಒಂದು ಫೋಟೋಗೆ ಎಷ್ಟು ಬೆಲೆ ಎಂದು ಸವಾರರೇ ಲೆಕ್ಕ ಹಾಕಬೇಕು.

ಸವಾರರ ಆರೋಗ್ಯದ ಮಾತೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಬರುತ್ತದೆ. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇವರೆಗೆ. ಅಂದರೆ ಹಾದಿ ಒಣಗಿ ಸವಾರಿಗೆ ಹದವಾಗುವ ತಿಂಗಳುಗಳಲ್ಲಿಯೇ. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಊರಿನವರೇ ಹೋಗಲು ಹಿಂಜರಿಯುತ್ತಾರೆ. ಹೊರಗಿನವರಿಗೆ ಅದನ್ನು ನಕ್ಷೆ ತಿಳಿಸದು, ಊರಿನವರು ತಿಳಿಸಬೇಕು. ಕಾಫಿ ತೋಟಗಳಲ್ಲಿ ಆನೆ ಬೀಡುಬಿಟ್ಟಿರುವ ಸಂಗತಿಯೂ ಹಾಗೆಯೇ.

ಕೇಳಿ ಹೋಗುವ ದಾರಿ

ಹಾಗಾದರೆ ಸವಾರಿಯೇ ಬೇಡವೇ? ಹಾಗೇನಿಲ್ಲ. ಚಿಕ್ಕಮಗಳೂರಿನ ಮೋಟಾರು ರ‍್ಯಾಲಿಗಳು ಮಾಲೀಕರ ಒಪ್ಪಿಗೆ ಪಡೆದು ಕಾಫಿ ತೋಟದ ರಸ್ತೆಗಳಲ್ಲಿ ನಡೆದಿವೆ. 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯನೆನಿಸಿದ ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಬಳಿ ಇಂಥ ಸವಾರಿಗೆಂದೇ ತರಬೇತಿ ತಾಣ ಕಟ್ಟಿದ್ದಾರೆ. ಕಲಿಯುವವರು ಬೀಳುವುದು, ಏಳುವುದು ಅಂಥ ಕಡೆ ನಡೆದರೆ ಕಾಡಿನ ಹೊರೆ ಕಡಿಮೆಯಾಗುತ್ತದೆ. ಊರಿಂದೂರಿಗೆ ಹೋಗುವ ಪಂಚಾಯಿತಿಯ ಮಣ್ಣು ರಸ್ತೆಗಳೂ ಎಲ್ಲರಿಗೂ ತೆರೆದೇ ಇವೆ.

ತೋಟದ ಬಾಯಲ್ಲಿ ದನ ನುಗ್ಗದಂತೆ ಅಡ್ಡಗಳು ಹಾಕಿದ ದಣಪೆ ಇರುತ್ತದೆ. ಅಲ್ಲಿ ನಿಂತು ಮನೆಯವರನ್ನು ಕೇಳುವುದು, ಒಪ್ಪಿದರೆ ದಾಟಿದ ಮೇಲೆ ಗಳಗಳನ್ನು ಮತ್ತೆ ಸಿಕ್ಕಿಸುವುದು ಮಲೆನಾಡಿನ ಹಳೆಯ ಮರ್ಯಾದೆ. ಸದ್ದು ಮಾಡುವ ಸೈಲೆನ್ಸರನ್ನು ಮನೆಯಲ್ಲೇ ಬಿಟ್ಟುಬರುವುದು ಹೊಸ ಮರ್ಯಾದೆ.

ಈ ಮರ್ಯಾದೆ ತಪ್ಪಿದರೆ ನಷ್ಟ ಸವಾರನೊಬ್ಬನದಲ್ಲ. ಬೈಕುಗಳ ಹಾವಳಿ ತಡೆಯಲು ಹಾದಿಗೆ ಅಡ್ಡಲಾಗಿ ಒಂದು ಕಂದಕ ತೋಡಿದರೆ ಸಾಕು, ಸವಾರನೇನೋ ಮುಂದಿನ ವಾರ ಬೇರೆ ಗುಡ್ಡ ಹುಡುಕಿಕೊಳ್ಳುತ್ತಾನೆ. ಅದೇ ಹಾದಿಯಲ್ಲಿ ಗೊಬ್ಬರ ಸಾಗಿಸುವ ರೈತನಿಗೆ, ಬಾಣಂತಿಯನ್ನು ಜೀಪಿನಲ್ಲಿ ಆಸ್ಪತ್ರೆಗೆ ಒಯ್ಯಬೇಕಾದ ಮನೆಯವರಿಗೆ ಮಾತ್ರ ಬೇರೆ ದಾರಿ ಇರುವುದಿಲ್ಲ.