ತೋಳು ಕುಂದಿದರೂ ಕೆಲಸವುಂಟು

ನಮ್ಮ ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿ ಚಪ್ಪರದ ಬೆಳೆ. ಸವರುವಾಗಲೂ ಕೊಯ್ಯುವಾಗಲೂ ಕೈಗಳನ್ನು ಮೇಲೆತ್ತಿ ನಿಂತೇ ದುಡಿಯಬೇಕು. ನಮ್ಮ ಹಳೆಯ ಆಳೊಬ್ಬನಿಗೆ ಭುಜ ಮುರಿದು ತೋಳು ಮೇಲೇಳದಾದಾಗ, "ಇನ್ನು ಮನೆಯಲ್ಲಿರಪ್ಪಾ" ಎಂದುಬಿಟ್ಟೆವು. ಅದನ್ನು ಕರುಣೆಯೆಂದೇ ತಿಳಿದಿದ್ದೆವು. ಅವನ ಮನೆಯ ಒಲೆ ಹಾಗೆ ತಿಳಿಯಲಿಲ್ಲ.

ಶಾಲೆಯಲ್ಲಿ ಮಗುವಿಗೆ ಬಾರದ ಲೆಕ್ಕವನ್ನು ಬಿಡಿಸಿ, ಹಂತಹಂತವಾಗಿ ಕಲಿಸುತ್ತೇವಷ್ಟೆ. ತೋಟದ ಕೆಲಸವನ್ನೂ ಹಾಗೆಯೇ ಬಿಡಿಸಿ ನೋಡಿದೆವು. ಗೊಂಚಲಿನಿಂದ ಒಡೆದ, ಕೊಳೆತ ಹಣ್ಣು ತೆಗೆಯುವುದು, ಪೆಟ್ಟಿಗೆ ತುಂಬುವುದು, ತೂಕ ಬರೆಯುವುದು, ಇವೆಲ್ಲ ಕುಳಿತು ಮಾಡುವಂಥವು. ಸೊಂಟಮಟ್ಟದ ಮೇಜು ಹಾಕಿಸಿ, ಮೊದಲು ಅರ್ಧ ದಿನಕ್ಕೆಂದು ಅವನನ್ನು ಕರೆದೆವು. ಈಗ ಪೆಟ್ಟಿಗೆಗಳ ಹೊಣೆಯೆಲ್ಲ ಅವನದೇ. ಬೋಡಿನಾಯಕನೂರಿನಲ್ಲಿ ಏಲಕ್ಕಿ ಆರಿಸುವುದೂ ಕುಳಿತು ಮಾಡುವ ಕೆಲಸವೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ಶೇಕಡಾ 40 ಅಥವಾ ಹೆಚ್ಚು ಊನವಿದೆಯೆಂಬ ಪ್ರಮಾಣಪತ್ರವಿದ್ದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡಾ 4 ಮೀಸಲುಂಟು. ತೇನಿ, ದಿಂಡಿಗಲ್ ಜಿಲ್ಲೆಗಳ ಅಂಗವಿಕಲರ ಕಲ್ಯಾಣ ಕಚೇರಿಗಳಲ್ಲಿ ವಿಚಾರಿಸಿರಿ.

ರೈತ ಬಂಧುಗಳೇ, ಕೊಯ್ಲಿಗೆ ಆಳಿಲ್ಲವೆಂದು ಹಲುಬುವ ಮುನ್ನ ಜಗಲಿಯಲ್ಲಿ ಸುಮ್ಮನೆ ಕುಳಿತವರನ್ನೊಮ್ಮೆ ಕೇಳಿರಿ. ಕೂಲಿಯನ್ನು ಕೆಲಸ ನೋಡಿ ಅಳೆಯಿರಿ, ಊನ ನೋಡಿ ಅಲ್ಲ.